ಕರೂ ಬಯಲಿನಲ್ಲೊಂದು ಊಟದ ಸ್ಟೇಷನ್

"ಗೇಜ್ ಎಷ್ಟೋ ಇದು?"

ಕಾರಿನಿಂದ ಇಳಿದ ಅಪ್ಪ ಕೇಳಿದ ಮೊದಲ ಪ್ರಶ್ನೆ ಇದು. ಎದುರಿಗೆ ಗೋಪುರಗಳಿಂದ ಅಲಂಕೃತವಾದ ಬೆಳ್ಳಗಿನ ಎರಡಂತಸ್ತಿನ ಹೋಟೆಲ್, ಹಿಂದೆ ಬೋಳು ಗುಡ್ಡಗಳು, ಮೇಲೆ ಒಂದು ಚೂರೂ ಮೋಡವಿಲ್ಲದ ಆಕಾಶ. ಅಪ್ಪ ಇದ್ಯಾವುದನ್ನೂ ನೋಡಲಿಲ್ಲ. ರಸ್ತೆ ದಾಟಿ ಸೀದಾ ರೈಲ್ವೆ ಪ್ಲಾಟ್‌ಫಾರ್ಮಿಗೆ ಹೋಗಿ ಹಳಿಗಳನ್ನು ಕಣ್ಣಳತೆಯಲ್ಲೇ ಅಳೆಯತೊಡಗಿದ್ದರು. "ನಮ್ಮ ಮೀಟರ್ ಗೇಜ್‌ಗಿಂತ ಎರಡು ಇಂಚಾದ್ರೂ ಜಾಸ್ತಿ ಇದೆ" ಎಂದು ಅವರೇ ತೀರ್ಮಾನ ಕೊಟ್ಟರು. ಆಮೇಲೆ ನೋಡಿದರೆ ಅಪ್ಪನ ಲೆಕ್ಕ ಸರಿಯಾಗಿಯೇ ಇತ್ತು. ಇಲ್ಲಿನ ಕೇಪ್ ಗೇಜ್ ಮೂರೂವರೆ ಅಡಿ, ಅಂದರೆ 1067 ಮಿಲಿಮೀಟರ್. ಮೂವತ್ತೈದು ವರ್ಷ ರೈಲ್ವೆಯಲ್ಲಿ ದುಡಿದು, ಅರಸೀಕೆರೆಯಲ್ಲಿ ನಿವೃತ್ತರಾದ ಸ್ಟೇಷನ್ ಮಾಸ್ಟರ್ ಕಣ್ಣು ಸುಳ್ಳು ಹೇಳೀತೆ?

ನಾನು ಹೇಳುತ್ತಿರುವುದು 2014ರ ಏಪ್ರಿಲ್ ತಿಂಗಳ ಮಾತು. ಆಗ ಕೆಲಸದ ಮೇಲೆ ನಾವು ಕೇಪ್‌ಟೌನಿನಲ್ಲಿದ್ದೆವು. ಅಮ್ಮ ತೀರಿಕೊಂಡ ಮೇಲೆ ಒಂಟಿಯಾಗಿದ್ದ ಅಪ್ಪನನ್ನು ಮೂರು ತಿಂಗಳ ಮಟ್ಟಿಗೆ ಕರೆಸಿಕೊಂಡಿದ್ದೆ. ಟೇಬಲ್ ಮೌಂಟನ್ ತೋರಿಸಿದೆ, "ಚೆನ್ನಾಗಿದೆ" ಅಂದರು. ಎರಡು ಸಾಗರ ಸೇರುತ್ತವೆಂದು ಎಲ್ಲರೂ ನಂಬಿಕೊಂಡಿರುವ ಭೂಶಿರಕ್ಕೆ ಕರೆದೊಯ್ದೆ, "ಗಾಳಿ ಜಾಸ್ತಿ" ಅಂದರು. ಅಷ್ಟರಲ್ಲಿ ಆಫೀಸಿನ ಗೆಳೆಯನೊಬ್ಬ, "ನಿಮ್ಮ ತಂದೆ ರೈಲ್ವೆಯವರಲ್ಲವೇ? ಮೈಕೀಸ್‌ಫೊಂಟೇನ್‌ಗೆ ಕರೆದುಕೊಂಡು ಹೋಗಿ" ಎಂದ. ಬೋರ್ಡಿನ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ನಮ್ಮ ಹಾಗೆ ಓದಿದರೆ 'ಮ್ಯಾಟ್‌ಜೀಸ್‌ಫೊಂಟೇನ್' ಆಗುತ್ತದೆ. ಹಾಗೆ ಓದಿದರೆ ಅಲ್ಲಿನವರು ನಕ್ಕು ತಿದ್ದುತ್ತಾರೆ. ಆಫ್ರಿಕಾನ್ಸ್ ಭಾಷೆಯಲ್ಲಿ 'ಮೈಕೀಸ್' ಎಂದರೆ ಚಿಕ್ಕ ಚಾಪೆಗಳು, 'ಫೊಂಟೇನ್' ಎಂದರೆ ನೀರಿನ ಬುಗ್ಗೆ. ಅಲ್ಲಿನ ಮೂಲನಿವಾಸಿಗಳಾದ ಖೊಯಿಖೊಯಿ ಜನ ತಮ್ಮ ಗುಡಿಸಲುಗಳಿಗೆ ಹೊದಿಸುತ್ತಿದ್ದ ಚಾಪೆಯ ಜೊಂಡು ಬೆಳೆಯುತ್ತಿದ್ದ ಜಾಗವದು. ನಮ್ಮಲ್ಲಾಗಿದ್ದರೆ 'ಚಾಪೆಹಳ್ಳ' ಅನ್ನುತ್ತಿದ್ದರೋ ಏನೋ!

ಕೇಪ್‌ಟೌನಿನಿಂದ ಸುಮಾರು 240 ಕಿಲೋಮೀಟರ್ ದೂರ. ಎನ್-1 ಹೆದ್ದಾರಿ ಹಿಡಿದು ಹೊರಟು, ಹ್ಯೂಗೆನೋ ಸುರಂಗ ದಾಟಿ, ವೂಸ್ಟರ್ ಹಾಯ್ದರೆ ಹೆಕ್ಸ್ ನದಿಯ ಕಣಿವೆ. ಎರಡೂ ಕಡೆ ಕಣ್ಣು ಹಾಯಿಸುವಷ್ಟು ದೂರ ದ್ರಾಕ್ಷಿ ತೋಟ. ಅಲ್ಲಿಂದ ಘಾಟಿ ಹತ್ತಿದ್ದೇ ತಡ, ಯಾರೋ ಪರದೆ ಎಳೆದ ಹಾಗೆ ಹಸಿರು ಮಾಯ. ಮುಂದೆಲ್ಲ ಕರೂ: ಕುರುಚಲು ಗಿಡ, ಕಲ್ಲು, ಮತ್ತೆ ಕಲ್ಲು. "ಚಿತ್ರದುರ್ಗದ ಕಡೆ ಬಂದ ಹಾಗಿದೆಯಲ್ಲ ಮಾವ?" ಎಂದಳು ನನ್ನ ಹೆಂಡತಿ. "ಅಲ್ಲಿ ಬೇವಿನ ಮರವಾದ್ರೂ ಇರತ್ತಮ್ಮ" ಎಂದರು ಅಪ್ಪ. ಈ ಘಾಟಿಯಲ್ಲಿ 1989ರಲ್ಲಿ ತೆರೆದ, ಹದಿಮೂರು ಕಿಲೋಮೀಟರಿಗೂ ಉದ್ದದ ರೈಲು ಸುರಂಗ ನಮ್ಮ ಪಕ್ಕದ ಬೆಟ್ಟದೊಳಗೇ ಇದೆ ಎಂದಾಗ ಮಾತ್ರ ಕಾರು ನಿಲ್ಲಿಸು ಎಂದರು. ನೋಡಲು ಏನೂ ಕಾಣುವುದಿಲ್ಲ ಎಂದರೂ ಕೇಳಲಿಲ್ಲ.

ಪೋರ್ಟರ್ ಸಾಹುಕಾರನಾದ ಕತೆ

ಈ ಊರಿನ ಕತೆ ಎಂದರೆ ಜೇಮ್ಸ್ ಡಗ್ಲಾಸ್ ಲೋಗನ್ ಎಂಬ ಸ್ಕಾಟ್‌ಲೆಂಡಿನ ಹುಡುಗನ ಕತೆ. 1877ರಲ್ಲಿ, ಇನ್ನೂ ಇಪ್ಪತ್ತರ ವಯಸ್ಸಿನಲ್ಲಿ, ಕೇಪ್ ವಸಾಹತಿಗೆ ಬಂದು ಇಳಿದವನು ರೈಲ್ವೆಯಲ್ಲಿ ಪೋರ್ಟರ್ ಆಗಿ ಸೇರಿದ. ಕೆಲವೇ ದಿನಗಳಲ್ಲಿ ಸ್ಟೇಷನ್ ಮಾಸ್ಟರ್, ಅಲ್ಲಿಂದ ಈ ಕರೂ ಭಾಗದ ಮೇಲ್ವಿಚಾರಕ. (ಇದನ್ನು ಕೇಳಿದ ಅಪ್ಪ, "ನನಗೆ ಮೊದಲ ಪ್ರಮೋಷನ್ ಸಿಗೋಕೆ ಹನ್ನೊಂದು ವರ್ಷ ಹಿಡೀತು" ಎಂದು ನಿಟ್ಟುಸಿರು ಬಿಟ್ಟರು.) ಅವನದು ದುರ್ಬಲವಾದ ಎದೆ. ಕರೂವಿನ ಒಣ ಹವೆಗೆ ಉಸಿರು ಸಲೀಸಾಯಿತು. ಇಲ್ಲೇ ನೆಲೆ ನಿಂತ.

ಅವನ ಬುದ್ಧಿವಂತಿಕೆಯಿರುವುದು ಮುಂದಿನ ಹೆಜ್ಜೆಯಲ್ಲಿ. ಕಿಂಬರ್ಲಿಯಲ್ಲಿ ವಜ್ರ ಸಿಕ್ಕಿತ್ತು. 1885ರಲ್ಲಿ ರೈಲು ಅಲ್ಲಿಗೆ ಮುಟ್ಟಿತು. ಮರುವರ್ಷವೇ ಜೋಹಾನ್ಸ್‌ಬರ್ಗಿನ ಕಡೆ ಚಿನ್ನ. ದಿನ ಬೆಳಗಾದರೆ ರೈಲು ತುಂಬ ಜನ ಉತ್ತರಕ್ಕೆ. ಆದರೆ ಆಗಿನ ರೈಲಿನಲ್ಲಿ ಊಟದ ಡಬ್ಬಿ ಇರಲಿಲ್ಲ. ಉಗಿ ಎಂಜಿನ್ನಿಗೆ ನೀರು ಬೇಕು, ಪ್ರಯಾಣಿಕರಿಗೆ ಊಟ ಬೇಕು. ನಡುಬಯಲಿನಲ್ಲಿ ಎರಡನ್ನೂ ಕೊಡಬಲ್ಲವನೇ ರಾಜ! ಲೋಗನ್ 1880ರ ದಶಕದ ನಡುವಿನಲ್ಲಿ ಇಲ್ಲಿ ಉಪಾಹಾರ ಗೃಹ ತೆರೆದ. ಸುತ್ತಮುತ್ತಲ ಜಮೀನು ಕೊಂಡ, ನೀರು ತೆಗೆಸಿದ, ಸೋಡಾ ಕಾರ್ಖಾನೆ ಇಟ್ಟ, ಲಂಡನ್ನಿನಿಂದ ಬೀದಿ ದೀಪದ ಕಂಬಗಳನ್ನು ತರಿಸಿ ನಿಲ್ಲಿಸಿದ. ಎದೆರೋಗದವರಿಗೆ ಆರೋಗ್ಯಧಾಮವೆಂದು ಊರಿನ ಹೆಸರು ಹಬ್ಬಿತು. ರಡ್ಯಾರ್ಡ್ ಕಿಪ್ಲಿಂಗ್, ವಿನ್‌ಸ್ಟನ್ ಚರ್ಚಿಲ್ ಅವರ ತಂದೆ ಲಾರ್ಡ್ ರ‍್ಯಾಂಡಾಲ್ಫ್ ಚರ್ಚಿಲ್ ಮುಂತಾದವರೆಲ್ಲ ಇಲ್ಲಿಗೆ ಬಂದು ಹೋದವರೇ.

ರೈಲ್ವೆ ಕಾಂಟ್ರ್ಯಾಕ್ಟು ಎಂದ ಮೇಲೆ ಹಗರಣ ಇಲ್ಲದಿದ್ದರೆ ಹೇಗೆ? ಕೇಪ್ ರೈಲ್ವೆಯ ಊಟ-ತಿಂಡಿಯ ಏಕಸ್ವಾಮ್ಯವನ್ನು ಮಂತ್ರಿ ಜೇಮ್ಸ್ ಸಿವ್‌ರೈಟ್ 1892ರಲ್ಲಿ ಟೆಂಡರೇ ಕರೆಯದೆ ಗೆಳೆಯ ಲೋಗನ್‌ಗೆ ಬರೆದುಕೊಟ್ಟುಬಿಟ್ಟ. ಸಂಪುಟದ ಮೂವರು ಮಂತ್ರಿಗಳು ಸಿಡಿದೆದ್ದರು. 1893ರಲ್ಲಿ ಸೆಸಿಲ್ ರೋಡ್ಸ್‌ನ ಮೊದಲ ಮಂತ್ರಿಮಂಡಲವೇ ಉರುಳಿತು. ಊಟದ ಗುತ್ತಿಗೆಗಾಗಿ ಸರ್ಕಾರ ಬಿದ್ದ ಕತೆ ಕೇಳಿ ಅಪ್ಪನಿಗೆ ಬಹಳ ಖುಷಿಯಾಯಿತು. "ನಮ್ಮ ಕಡೆ ಕ್ಯಾಂಟೀನ್ ಗುತ್ತಿಗೆಗೆ ಇನ್ಸ್‌ಪೆಕ್ಟರ್ ಮಟ್ಟದಲ್ಲೇ ಮುಗಿಸ್ತಿದ್ರು" ಅಂದರು!

ಈಗಿರುವ ಹೋಟೆಲ್ ಕಟ್ಟಿದ್ದು 1899ರಲ್ಲಿ. ಆಗಿನ ಬ್ರಿಟಿಷ್ ಹೈಕಮಿಷನರ್ ಆಲ್ಫ್ರೆಡ್ ಮಿಲ್ನರ್ ಹೆಸರನ್ನೇ ಇಟ್ಟರು. ಅದೇ ವರ್ಷ ಬೋಯರ್ ಯುದ್ಧ ಶುರು. ಊರ ಸುತ್ತ ಸಾವಿರಾರು ಬ್ರಿಟಿಷ್ ಸೈನಿಕರ ಡೇರೆಗಳೆದ್ದವು. ಹೊಸ ಹೋಟೆಲ್ ಗಾಯಾಳುಗಳು ಚೇತರಿಸಿಕೊಳ್ಳುವ ಆಸ್ಪತ್ರೆಯಾಯಿತು, ಗೋಪುರ ಕಾವಲುಗಾರರ ಅಟ್ಟಣೆಯಾಯಿತು. ಆ ಯುದ್ಧದ ಸೆರೆಶಿಬಿರಗಳಲ್ಲಿ 26,000ಕ್ಕೂ ಹೆಚ್ಚು ಬೋಯರ್ ಹೆಂಗಸರು, ಮಕ್ಕಳು ಸತ್ತರು. ಕಪ್ಪು ಜನರಿಗೆಂದೇ ಇದ್ದ ಶಿಬಿರಗಳಲ್ಲಿ ಕನಿಷ್ಠ 14,000 ಜನ. ಇಷ್ಟೆಲ್ಲ ಆದರೂ ಹೋಟೆಲಿನ ಹೆಸರು ಈಗಲೂ 'ಲಾರ್ಡ್ ಮಿಲ್ನರ್'.

ಚೆಂಡು ಹಿಡಿದು ಬಂದವನು, ಲೇಖನಿ ಹಿಡಿದು ಬಂದವಳು

ಕ್ರಿಕೆಟ್ ಪ್ರಿಯರಿಗೆ ಒಂದು ವಿಷಯ. ಕನಿಷ್ಠ ನೂರು ವಿಕೆಟ್ ಪಡೆದ ಟೆಸ್ಟ್ ಬೌಲರುಗಳಲ್ಲಿ ಅತ್ಯಂತ ಕಡಿಮೆ ಸರಾಸರಿ ಯಾರದು? ಜಾರ್ಜ್ ಲೋಹ್‌ಮನ್‌ದು. 18 ಟೆಸ್ಟ್, 112 ವಿಕೆಟ್, ಸರಾಸರಿ 10.75. ನಮ್ಮ ಲಂಡನ್ನಿನ ಓವಲ್ ಮೈದಾನದ ಸರ್ರೆ ತಂಡದ ಆಟಗಾರ. ಕ್ಷಯ ಹತ್ತಿದ್ದರಿಂದ ಒಣಹವೆ ಹುಡುಕಿ ಇಲ್ಲಿಗೆ ಬಂದ. 1896ರಲ್ಲಿ ಪೋರ್ಟ್ ಎಲಿಜಬೆತ್‌ನಲ್ಲಿ ಕೇವಲ 7 ರನ್ನಿಗೆ 8 ವಿಕೆಟ್ ಕಿತ್ತ. ದಕ್ಷಿಣ ಆಫ್ರಿಕಾ 30ಕ್ಕೆ ಆಲೌಟ್. ಮುಂದಿನ ಟೆಸ್ಟ್ ಜೋಹಾನ್ಸ್‌ಬರ್ಗಿನಲ್ಲಿ, 28ಕ್ಕೆ 9. ಲೋಗನ್ ಮಹಾ ಕ್ರಿಕೆಟ್ ಹುಚ್ಚ. ತನ್ನ ಹಣದಲ್ಲೇ 1901ರಲ್ಲಿ ದಕ್ಷಿಣ ಆಫ್ರಿಕಾ ತಂಡವನ್ನು ಇಂಗ್ಲೆಂಡಿಗೆ ಕಳಿಸಿದ, ಲೋಹ್‌ಮನ್ ಅದರ ಮ್ಯಾನೇಜರ್. ಅದೇ ಡಿಸೆಂಬರಿನಲ್ಲಿ ಲೋಹ್‌ಮನ್ ಇಲ್ಲೇ ತೀರಿಕೊಂಡ. ವಯಸ್ಸು ಮೂವತ್ತಾರು. ಊರಿನಿಂದ ಸ್ವಲ್ಪ ದೂರದ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಅದೇ ಸ್ಮಶಾನದಲ್ಲಿ ಲೋಗನ್ ಕೂಡ ಮಲಗಿದ್ದಾನೆ.

ಸಮಾಧಿಯ ಮುಂದೆ ನಿಂತು ಮಗಳಿಗೆ ಇನ್ನೊಂದು ಹೆಸರನ್ನೂ ಹೇಳಿದೆ. 'ಕ್ರೋಮ್' ಹೆಂಡ್ರಿಕ್ಸ್ ಎಂಬ ವೇಗದ ಬೌಲರ್ ಅದೇ ಕಾಲದಲ್ಲಿ ಕೇಪ್‌ನಲ್ಲಿದ್ದ. 1894ರಲ್ಲಿ ಇಂಗ್ಲೆಂಡಿಗೆ ಹೊರಟ ತಂಡದಿಂದ ಅವನನ್ನು ಬಿಟ್ಟರು. ಕಾರಣ ಅವನ ಮೈಬಣ್ಣ. ಅಲ್ಲಿಂದ ಸುಮಾರು ನೂರು ವರ್ಷ ಕಳೆದ ಮೇಲೆ, 1992ರಲ್ಲಿ, ಭಾರತ ತಂಡ ಮೊದಲ ಬಾರಿಗೆ ದಕ್ಷಿಣ ಆಫ್ರಿಕಾಕ್ಕೆ ಬಂತು. ಜೋಹಾನ್ಸ್‌ಬರ್ಗಿನಲ್ಲಿ ನಮ್ಮ ಅನಿಲ್ ಕುಂಬ್ಳೆ 53ಕ್ಕೆ 6 ವಿಕೆಟ್ ಪಡೆದರು. "ಆ ತಂಡದಲ್ಲಿ ನಮ್ಮ ಜಾವಗಲ್ ಶ್ರೀನಾಥೂ ಇದ್ದ" ಎಂದು ಅಪ್ಪ ಸೇರಿಸಿದರು. ಜಾವಗಲ್ ಅರಸೀಕೆರೆ ತಾಲ್ಲೂಕಲ್ಲವೇ, ಅಭಿಮಾನ ಬಿಟ್ಟುಕೊಡುವುದುಂಟೆ!

ಲೇಖನಿ ಹಿಡಿದು ಬಂದವಳು ಆಲಿವ್ ಶ್ರೈನರ್. 1883ರಲ್ಲಿ ಬಂದ 'ದಿ ಸ್ಟೋರಿ ಆಫ್ ಆ್ಯನ್ ಆಫ್ರಿಕನ್ ಫಾರ್ಮ್' ಕಾದಂಬರಿಯಿಂದ ಜಗತ್ತಿಗೇ ಪರಿಚಿತಳಾದವಳು. ಅವಳಿಗೆ ಅಸ್ತಮಾ. 1890ರ ದಶಕದ ಆರಂಭದಲ್ಲಿ ಇಲ್ಲಿನ ಪುಟ್ಟ ಮನೆಯೊಂದರಲ್ಲಿ ಇದ್ದಳು. ಸೆಸಿಲ್ ರೋಡ್ಸ್‌ನನ್ನು ಮೊದಲು ಮೆಚ್ಚಿದವಳು ಆಮೇಲೆ ಅವನ ಕಡು ವಿರೋಧಿಯಾದಳು. ಬೋಯರ್ ಯುದ್ಧವನ್ನೂ ವಿರೋಧಿಸಿದಳು. 1909ರಲ್ಲಿ ಗಾಂಧೀಜಿ ಭಾರತೀಯರ ಅಹವಾಲು ಹೊತ್ತು ಕೇಪ್‌ಟೌನಿನಿಂದ ಇಂಗ್ಲೆಂಡಿಗೆ ಹಡಗು ಹತ್ತಿದಾಗ, ಎಲ್ಲರೂ ನೋಡುತ್ತಿರುವಂತೆಯೇ ಬಂದು ಅವರ ಕೈ ಕುಲುಕಿ ಬೀಳ್ಕೊಟ್ಟವಳು ಇವಳೇ. ಆ ಕಾಲದಲ್ಲಿ ಬಿಳಿಯ ಹೆಂಗಸೊಬ್ಬಳು ಹಾಗೆ ಮಾಡುವುದು ಸಣ್ಣ ಸಂಗತಿಯಾಗಿರಲಿಲ್ಲ.

ಲೋಗನ್ ಮತ್ತು ಶ್ರೈನರ್ ಇಬ್ಬರೂ 1920ರಲ್ಲಿ ತೀರಿಕೊಂಡರು. ರೈಲಿಗೆ ಊಟದ ಡಬ್ಬಿ ಸೇರಿಕೊಂಡ ಮೇಲೆ ಊಟಕ್ಕೆಂದು ಇಲ್ಲಿ ಇಳಿಯುವವರು ಯಾರು? ಊರು ಮಂಕಾಯಿತು. 1968ರಲ್ಲಿ ಡೇವಿಡ್ ರಾಡನ್ ಎಂಬ ಹೋಟೆಲ್ ಉದ್ಯಮಿ ಇಡೀ ಊರನ್ನೇ ಕೊಂಡುಕೊಂಡ! ದುರಸ್ತಿ ಮಾಡಿ 1970ರಲ್ಲಿ ಹೋಟೆಲನ್ನು ಮತ್ತೆ ತೆರೆದ. 1975ರಲ್ಲಿ ಊರಿಗೆ ಊರೇ ರಾಷ್ಟ್ರೀಯ ಸ್ಮಾರಕವಾಯಿತು. ನಾವು ಹೋದಾಗ ಲಂಡನ್ನಿನ ಕೆಂಪು ಡಬಲ್ ಡೆಕ್ಕರ್ ಬಸ್ಸಿನಲ್ಲಿ ಕೂರಿಸಿ ಊರು ತೋರಿಸಿದರು. ಹತ್ತೇ ನಿಮಿಷಕ್ಕೆ ಊರೂ ಮುಗಿಯಿತು, ಪ್ರವಾಸವೂ ಮುಗಿಯಿತು. ಮಗಳು "ಇಷ್ಟೇನಾ?" ಎಂದಳು. "ಅರಸೀಕೆರೆಯನ್ನೂ ಹೀಗೇ ತೋರಿಸಬಹುದಿತ್ತು" ಎಂದರು ಅಪ್ಪ.

ಕಿಟಕಿಯ ಲೋಟ

ರಾತ್ರಿ ಊಟಕ್ಕೆ ಕೂತೆವು. ಎತ್ತರದ ಕಿಟಕಿಗಳು, ಬಿಳಿ ಮೇಜುಬಟ್ಟೆ, ಮಿರಿಮಿರಿ ಹೊಳೆಯುವ ಚಮಚಗಳ ಸಾಲು. ಕರೂ ಎಂದರೆ ಕುರಿಮಾಂಸಕ್ಕೆ ಪ್ರಸಿದ್ಧ. ನಾವೋ ಸಸ್ಯಾಹಾರಿಗಳು. ಬಡಿಸುತ್ತಿದ್ದ ಹುಡುಗಿ ಸ್ವಲ್ಪವೂ ಬೇಸರಿಸದೆ ಅನ್ನ, ಬೇಯಿಸಿದ ತರಕಾರಿ, ದಾಲ್ಚಿನ್ನಿ ಹಾಕಿದ ಸಿಹಿಗುಂಬಳದ ಪಲ್ಯ ತಂದುಕೊಟ್ಟಳು. ಅಪ್ಪ ಜೇಬಿನಿಂದ ಚಟ್ನಿಪುಡಿ ಡಬ್ಬಿ ತೆಗೆದರು. ನನ್ನ ಹೆಂಡತಿ ಕಣ್ಣಲ್ಲೇ ಬೇಡವೆಂದಳು. ಅವರು ನೋಡಿಯೂ ನೋಡದವರಂತೆ ಉದುರಿಸಿಕೊಂಡರು.

ಅರ್ಧ ಊಟವಾದ ಮೇಲೆ ಸುತ್ತ ಒಮ್ಮೆ ನೋಡಿ ಕೇಳಿದರು: "ಆ ಲೋಗನ್ ಕಾಲದಲ್ಲಿ ನಾವು ಬಂದಿದ್ರೆ ಇಲ್ಲಿ ಕೂರಿಸ್ತಿದ್ರೇನೋ?"

ಉತ್ತರಕ್ಕೆ ಬದಲು ನಾನು ಗಾಂಧೀಜಿಯ ಕತೆ ಹೇಳಿದೆ. 1893, ಲೋಗನ್ ಹಗರಣದ ವರ್ಷವೇ. ಪೀಟರ್‌ಮಾರಿಟ್ಜ್‌ಬರ್ಗಿನಲ್ಲಿ ರೈಲಿನಿಂದ ಅವರನ್ನು ಇಳಿಸಿದ್ದು ನಮಗೆಲ್ಲ ಗೊತ್ತು. ಅದೇ ಪ್ರಯಾಣದ ಮುಂದಿನ ಭಾಗ ಅಷ್ಟಾಗಿ ಗೊತ್ತಿಲ್ಲ. ಜೋಹಾನ್ಸ್‌ಬರ್ಗಿನ ದೊಡ್ಡ ಹೋಟೆಲಿನಲ್ಲಿ ಜಾಗವಿಲ್ಲ ಎಂದು ಕಳಿಸಿದರು. ಕೊನೆಗೆ ಪ್ರಿಟೋರಿಯಾ ಸ್ಟೇಷನ್ನಿನಲ್ಲಿ ರಾತ್ರಿ ದಿಕ್ಕು ತೋಚದೆ ನಿಂತಿದ್ದಾಗ, ಅಲ್ಲಿದ್ದ ಅಮೆರಿಕದ ಕಪ್ಪು ವ್ಯಕ್ತಿಯೊಬ್ಬ ತನಗೆ ಪರಿಚಯವಿದ್ದ ಜಾನ್‌ಸ್ಟನ್ ಎಂಬಾತನ ಚಿಕ್ಕ ಹೋಟೆಲಿಗೆ ಕರೆದೊಯ್ದ. ಜಾನ್‌ಸ್ಟನ್ ಕೋಣೆ ಕೊಟ್ಟ. ಆದರೆ ಉಳಿದವರು ಬೇಸರ ಪಟ್ಟುಕೊಂಡಾರು, ಊಟ ಕೋಣೆಯಲ್ಲೇ ಮಾಡಬೇಕು ಎಂದ. ಗಾಂಧಿ ಒಪ್ಪಿ ಕೋಣೆಯಲ್ಲಿ ಕಾಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಜಾನ್‌ಸ್ಟನ್ನೇ ವಾಪಸು ಬಂದ. ಹಾಗೆ ಹೇಳಿದ್ದಕ್ಕೆ ತನಗೇ ನಾಚಿಕೆಯಾಯಿತೆಂದೂ, ಉಳಿದ ಅತಿಥಿಗಳನ್ನು ಕೇಳಿದೆನೆಂದೂ, ಯಾರದೂ ಅಭ್ಯಂತರವಿಲ್ಲವೆಂದೂ ಹೇಳಿ ಊಟದ ಮನೆಗೆ ಕರೆದ.

ಆಮೇಲಿನದು ಇನ್ನೂ ಕೆಟ್ಟ ಕಾಲ. 1953ರ ಕಾನೂನು ಸಾರ್ವಜನಿಕ ಸ್ಥಳ, ವಾಹನ ಎಲ್ಲವನ್ನೂ ಬಣ್ಣದ ಪ್ರಕಾರ ಬೇರ್ಪಡಿಸಿತು. ಅದು ರದ್ದಾದದ್ದು 1990ರಲ್ಲಿ. ನನ್ನ ಮೊದಲ ಪಾಸ್‌ಪೋರ್ಟಿನಲ್ಲಿ, ಈ ದೇಶವೊಂದಕ್ಕೆ ಮಾತ್ರ ಇದು ಸಲ್ಲದು ಎಂಬ ಮುದ್ರೆ ಇತ್ತು. "ಎಂಥ ಜನ ನೋಡಿ ಮಾವ" ಎಂದಳು ನನ್ನ ಹೆಂಡತಿ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಟ್ಟೆ ನೋಡುತ್ತಲೇ ಶುರು ಮಾಡಿದರು.

"ನೀನು ಹುಟ್ಟೋಕೆ ಮುಂಚೆ. ಅರಸೀಕೆರೆ ಹತ್ರ ಒಂದು ಸಣ್ಣ ಸ್ಟೇಷನ್‌ನಲ್ಲಿದ್ದೆ. ಮಳೆ ಅಂದ್ರೆ ಮಳೆ. ರಾತ್ರಿ ಎರಡು ಗಂಟೆಗೆ ಗ್ಯಾಂಗ್‌ಮನ್ ಒಬ್ಬ ಓಡಿ ಬಂದ. ಎರಡು ಮೈಲಿ ಆಚೆ ಹಳಿ ಕೆಳಗಿನ ಜಲ್ಲಿ ಎಲ್ಲ ಕೊಚ್ಚಿಕೊಂಡು ಹೋಗಿದೆ ಅಂದ. ಗೂಡ್ಸ್ ಬರೋದಿತ್ತು, ನಿಲ್ಲಿಸಿದ್ವಿ. ಅವನು ಓಡಿ ಬರದೇ ಇದ್ರೆ ಡ್ರೈವರು, ಫೈರ್‌ಮನ್ ಇಬ್ಬರೂ ಉಳೀತಿರಲಿಲ್ಲ. ಮೈಯೆಲ್ಲ ನೆಂದು ನಡುಗ್ತಿದ್ದ. ನಿಮ್ಮಮ್ಮ ಎದ್ದು ಕಾಫಿ ಮಾಡಿದಳು."

ಸುಮ್ಮನಾದರು.

"ಕ್ವಾರ್ಟರ್ಸಿನ ಹಿಂದಿನ ಕಿಟಕೀಲಿ ಅವರಿಗೆ ಅಂತಲೇ ಒಂದು ಲೋಟ ಇಟ್ಟಿದ್ವಿ. ಎಲ್ಲರ ಮನೇಲೂ ಹಾಗೇ ಇರ್ತಿತ್ತು. ಅದರಲ್ಲೇ ಕೊಟ್ಟೆ. ಹೊರಗೆ ಮಳೇಲಿ ನಿಂತು ಕುಡಿದ. ಕುಡಿದು, ಅವನೇ ತೊಳೆದು, ಕಿಟಕೀಲಿ ಬೋರಲು ಹಾಕಿ ಹೋದ. ನನಗೆ ಅವತ್ತು ಏನೂ ಅನ್ನಿಸಲಿಲ್ಲ. ಅದೇ ನೋಡು, ಏನೂ ಅನ್ನಿಸಲಿಲ್ಲ. ಆ ಹೋಟೆಲಿನವನು ಅರ್ಧ ಗಂಟೇಲಿ ವಾಪಸ್ ಬಂದ. ನಾನು ಮೂರು ವರ್ಷ ಆ ಸ್ಟೇಷನ್‌ನಲ್ಲಿದ್ದೆ. ಆ ಲೋಟ ಅಲ್ಲೇ ಇತ್ತು."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಹೊರದೇಶದಲ್ಲಿರುವ ನಮಗೆ ಯಾರಾದರೂ ಬಣ್ಣದ ಕಾರಣಕ್ಕೆ ಸಣ್ಣ ಮಾತಾಡಿದರೂ ಮೈ ಉರಿಯುತ್ತದೆ. ಉರಿಯಬೇಕಾದ್ದೇ. ಆದರೆ ನಮ್ಮ ಮನೆಯ ಹಿಂದಿನ ಕಿಟಕಿಯ ಲೋಟದ ಬಗ್ಗೆ ನಮ್ಮ ಮಕ್ಕಳಿಗೆ ನಾವೆಷ್ಟು ಜನ ಹೇಳಿದ್ದೇವೆ? ಆ ರಾತ್ರಿ ನನ್ನ ಮಗಳು ಬಿಟ್ಟ ಕಣ್ಣು ಬಿಟ್ಟ ಹಾಗೆ ತಾತನನ್ನೇ ನೋಡುತ್ತಿದ್ದಳು. "ಅವನ ಹೆಸರೇನು ತಾತ?" ಎಂದು ಕೇಳಿದಳು. ಅಪ್ಪನಿಗೆ ಹೆಸರು ನೆನಪಿತ್ತು. ಹೇಳಿದರು.

ಮರುದಿನ ಭಾನುವಾರ, ಏಪ್ರಿಲ್ 27. ಎಲ್ಲ ಬಣ್ಣದವರೂ ಮತ ಹಾಕಿದ ಮೊದಲ ಚುನಾವಣೆ ನಡೆದು ಅಂದಿಗೆ ಸರಿಯಾಗಿ ಇಪ್ಪತ್ತು ವರ್ಷ. ಬೆಳಗಿನ ಚಳಿಯಲ್ಲಿ ಎದ್ದು ನೋಡಿದರೆ ಅಪ್ಪ ಕೋಣೆಯಲ್ಲಿಲ್ಲ. ಹುಡುಕಿಕೊಂಡು ಹೊರಟರೆ, ನಿರೀಕ್ಷಿಸಿದ್ದ ಹಾಗೇ, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲಿದ್ದರು. ಪಕ್ಕದಲ್ಲಿ ರಾತ್ರಿ ಬಡಿಸಿದ ಹುಡುಗಿ, ಕೆಲಸಕ್ಕೆ ಹೋಗುವ ಮುಂಚೆ ಕೂತಿದ್ದಳು. ಇಬ್ಬರ ನಡುವೆ ಚಟ್ನಿಪುಡಿ ಡಬ್ಬಿ, ಒಂದಿಷ್ಟು ಬ್ರೆಡ್ಡು. ಅಪ್ಪನ ಇಂಗ್ಲಿಷ್ ಅವಳಿಗೆ ಅರ್ಧ, ಅವಳ ಇಂಗ್ಲಿಷ್ ಅಪ್ಪನಿಗೆ ಅರ್ಧ ಅರ್ಥವಾಗುತ್ತಿತ್ತು. ಆದರೂ ಮಾತು ನಡೆದಿತ್ತು. ಅವಳ ತಾತನೂ ಇದೇ ಲೈನಿನಲ್ಲಿ ಹಳಿ ಕೆಲಸ ಮಾಡಿದವನಂತೆ. ಹಳಿ ಹಾಕಿದವನಾದರೂ ರೈಲಿನಲ್ಲಿ ಅವನು ಕೂರುವ ಡಬ್ಬಿ ಬೇರೆಯೇ ಇತ್ತಂತೆ.

"ಇವಳ ತಾತ ಗ್ಯಾಂಗ್‌ಮನ್ ಕಣೋ" ಎಂದರು ಅಪ್ಪ ನನ್ನನ್ನು ನೋಡಿ. ಆಮೇಲೆ ಇನ್ನೊಂದು ತುಂಡು ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿ ತಮ್ಮ ಕೈಯಿಂದಲೇ ಅವಳಿಗೆ ಕೊಟ್ಟರು. ಖಾರಕ್ಕೆ ಅವಳ ಕಣ್ಣಲ್ಲಿ ನೀರು. ಆದರೂ ಬೇಡವೆನ್ನಲಿಲ್ಲ.

ಅಪ್ಪ 2019ರಲ್ಲಿ ಹೋದರು. ಆಫ್ರಿಕಾದಲ್ಲಿ ಏನು ನೋಡಿದಿರಿ ಎಂದು ಊರಿನಲ್ಲಿ ಯಾರು ಕೇಳಿದರೂ ಸಿಂಹ, ಜಿರಾಫೆಗಳ ಸುದ್ದಿ ಅವರು ಎತ್ತುತ್ತಿರಲಿಲ್ಲ. "ಒಂದು ಸ್ಟೇಷನ್ ನೋಡಿದೆ" ಎನ್ನುತ್ತಿದ್ದರು.

ಕೇಪ್‌ಟೌನಿಗೆ ಹೋಗುವ ನಮ್ಮ ಸಂಘದ ಗೆಳೆಯರು ಒಂದು ದಿನ ಬಿಡುವು ಮಾಡಿಕೊಂಡು ಮೈಕೀಸ್‌ಫೊಂಟೇನ್‌ಗೆ ಹೋಗಿಬನ್ನಿ. ಸ್ಟೇಷನ್ ಕಟ್ಟಡದಲ್ಲಿ ಹಳೆಯ ಕಾಲದ ಸಾಮಾನುಗಳ ಮ್ಯೂಸಿಯಂ ಇದೆ. ನಕ್ಷತ್ರ ನೋಡುವ ಆಸೆಯಿದ್ದರೆ ಉತ್ತರಕ್ಕೆ 110 ಕಿಲೋಮೀಟರ್ ದೂರದ ಸದರ್ಲೆಂಡಿನಲ್ಲಿ ದೊಡ್ಡ ದೂರದರ್ಶಕವೂ ಇದೆ. ಬೆಚ್ಚನೆಯ ಬಟ್ಟೆ ಮರೆಯಬೇಡಿ. ಚಟ್ನಿಪುಡಿ ಒಂದು ಹಿಡಿ ಹೆಚ್ಚೇ ಇರಲಿ, ಹಂಚಿಕೊಳ್ಳಲು ಬೇಕಾಗುತ್ತದೆ.